ಬಿಸಿಲೆ ತಿರುವಿನಲ್ಲಿ ಕಪ್ಪಾದ ಪರದೆ: ಬೈಕಿನ ಜಿಪಿಎಸ್ ಬದಲಿಸಿದ ಒಂದು ಪ್ರಕರಣ

2024ರ ಜೂನ್ ಕೊನೆಯ ವಾರ. ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟ್ ಇಳಿದು ಕುಕ್ಕೆಗೆ ಹೋಗುತ್ತಿದ್ದೆವು. ಮುಂದೆ ಭಾವನ ಹಿಮಾಲಯನ್ ಬೈಕು, ಹಿಂದೆ ನನ್ನದು. ಮಳೆ ಜಡಿಯುತ್ತಿತ್ತು. ಎಡಕ್ಕೆ ಬಾಗುವ ಒಂದು ಇಕ್ಕಟ್ಟಿನ ತಿರುವಿನಲ್ಲಿ ಭಾವನ ಬೈಕು ಇದ್ದಕ್ಕಿದ್ದಂತೆ ನಿಧಾನವಾಯಿತು. ಬ್ರೇಕ್ ಲೈಟ್ ಹತ್ತಲಿಲ್ಲ, ಆಕ್ಸಿಲರೇಟರ್ ಬಿಟ್ಟಿದ್ದರು ಅಷ್ಟೆ. ಎಡಗೈ ಹ್ಯಾಂಡಲ್ ಬಿಟ್ಟು ಜಿಪಿಎಸ್ ಪರದೆಯನ್ನು ತಟ್ಟುತ್ತಿತ್ತು. ತಲೆ ಕೆಳಗೆ ಬಾಗಿತ್ತು. ಎದುರಿನಿಂದ ಜೀಪೊಂದು ಬಂತು. ಜೀಪಿನವನು ಹಾರ್ನ್ ಒತ್ತಿದ ಮೇಲೇ ಭಾವ ತಲೆ ಎತ್ತಿದ್ದು. ಎರಡು ಅಡಿ ಅಂತರದಲ್ಲಿ ಪಾರಾದರು.

ಸ್ವಲ್ಪ ಮುಂದೆ ಜಾಗ ನೋಡಿ ನಿಲ್ಲಿಸಿದೆವು. "ಭಾವ, ತಿರುವಿನಲ್ಲಿ ಕೈ ಬಿಟ್ಟು ಏನ್ ಮಾಡ್ತಿದ್ರಿ?" ಅಂದೆ. "ಮತ್ತೆ ಆಫ್ ಆಯ್ತು ಕಣೋ. ಮುಂದೆ ದಾರಿ ಎರಡಾಗುತ್ತೆ ಅಂತ ತೋರಿಸ್ತಿತ್ತು. ಯಾವ ಕಡೆ ಅಂತ ನೋಡೋಷ್ಟರಲ್ಲಿ ಕಪ್ಪಾಯ್ತು" ಅಂದರು. ಅವರ ಗ್ಲೌಸಿನ ಬೆರಳು ಆಗಲೂ ಆ ಪರದೆಯ ಮೇಲೇ ಇತ್ತು.

ಆ ಜೀಪು ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ. ಜಿಪಿಎಸ್ ಇಲ್ಲದ ಸವಾರ ದಾರಿ ಕೇಳಿಕೊಂಡು ಹೋಗುತ್ತಾನೆ. ಆಗಾಗ ಕೈಕೊಡುವ ಜಿಪಿಎಸ್ ಇರುವ ಸವಾರ ರಸ್ತೆ ಬಿಟ್ಟು ಪರದೆ ನೋಡುತ್ತಾನೆ. ಹಾಗಾಗಿ ಆ ಸಂಜೆಯೇ ತೀರ್ಮಾನ ಮಾಡಿದೆವು: ಇದನ್ನು ಸರಿ ಮಾಡಬೇಕು, ಇಲ್ಲವೇ ಕಿತ್ತು ಹಾಕಬೇಕು. ಆಮೇಲಿನ ನಾಲ್ಕು ತಿಂಗಳಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಇಂಥದ್ದೇ ತೊಂದರೆ ಇರುವವರು ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮುಂಚೆ ಒಮ್ಮೆ ಓದಲಿ ಅನ್ನುವುದು ನನ್ನ ಆಸೆ.

ಬೈಕು, ಯಂತ್ರ, ಸವಾರ

ಭಾವನಿಗೆ 58 ವರ್ಷ, ಮನೆ ಹಾಸನದಲ್ಲಿ. ತಿಂಗಳಿಗೆ ಒಂದೆರಡು ಸಲ ಮಲೆನಾಡು ಸುತ್ತದಿದ್ದರೆ ಅವರಿಗೆ ಸಮಾಧಾನ ಇಲ್ಲ. ಬೈಕು 2018ರ ಹಿಮಾಲಯನ್, 411 ಸಿಸಿ. 2021ರಲ್ಲಿ ಬಂದ ಹಿಮಾಲಯನ್‌ನಲ್ಲಿ ಮೀಟರ್ ಪಕ್ಕ ಟ್ರಿಪ್ಪರ್ ಅನ್ನುವ ಪುಟ್ಟ ದುಂಡು ಪರದೆ ಇರುತ್ತದೆ, ಫೋನಿಗೆ ಜೋಡಿಸಿದರೆ ತಿರುವು ತೋರಿಸುತ್ತದೆ. ಭಾವನ ಬೈಕಿನಲ್ಲಿ ಅದಿಲ್ಲ. ಅವರದ್ದು ಬೈಕಿಗೆಂದೇ ಮಾಡಿದ ಬೇರೆ ಜಿಪಿಎಸ್. 4.3 ಇಂಚಿನ ಪರದೆ, 2015ರಲ್ಲಿ ಹೊರದೇಶದಿಂದ ತರಿಸಿದ್ದು. ಹಿಮಾಲಯನ್ ಕೊಂಡಾಗ ಒಂದು ಆಕ್ಸೆಸರೀಸ್ ಅಂಗಡಿಯವರು ಅದನ್ನು ಹ್ಯಾಂಡಲ್ ಮೇಲೆ ಕೂರಿಸಿ, ವೈರ್ ಎಳೆದು ಕೊಟ್ಟಿದ್ದರು.

"ಫೋನ್ ಇರೋವಾಗ ಇದು ಯಾಕೆ?" ಅಂತ ಅಕ್ಕ ಮೊದಲಿಂದಲೂ ಕೇಳುತ್ತಿದ್ದಳು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಮುಂದೆ ಬರುತ್ತೇನೆ.

ತೊಂದರೆ ಏನು ಅಂತ ಕೇಳಿದರೆ ಭಾವ ಹೇಳುತ್ತಿದ್ದದ್ದು ಒಂದೇ ಮಾತು: "ಕೆಟ್ಟೋಗಿದೆ." ಆ ಮಾತಿನಿಂದ ಏನೂ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಎರಡು ವಾರ ಒಂದು ಚೀಟಿ ಬರೆದಿಡಿ ಅಂದೆ. ಯಾವಾಗ ಆಫ್ ಆಯಿತು, ಬೈಕು ಏನು ಮಾಡುತ್ತಿತ್ತು, ಮಳೆ ಇತ್ತಾ, ಪರದೆ ಮೇಲೆ ಏನು ಬರೆದು ಬಂತು, ಇಷ್ಟು ಸಾಕು. ಭಾವ ಶಿಸ್ತಿನ ಮನುಷ್ಯ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟರು. ಈ ಪ್ರಕರಣದಲ್ಲಿ ನಮಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಆ ಪುಟಗಳೇ.

ಓದಿದಾಗ ಮೂರು ಸಂಗತಿ ಎದ್ದು ಕಂಡವು. ನೇರ ರಸ್ತೆಯಲ್ಲಿ ಯಂತ್ರ ಆಫ್ ಆಗಿದ್ದೇ ಇಲ್ಲ. ಆಗಿದ್ದೆಲ್ಲ ಯೂ ಟರ್ನ್‌ನಲ್ಲಿ, ಪಾರ್ಕಿಂಗ್‌ನಲ್ಲಿ, ಘಾಟಿನ ತಿರುವಿನಲ್ಲಿ. ಅದರಲ್ಲೂ ಹೆಚ್ಚಿನವು ಎಡಕ್ಕೆ ತಿರುಗುವಾಗ. ಎರಡನೆಯದು, ಆಫ್ ಆಗುವ ಮುಂಚೆ ಹೊರಗಿನ ಕರೆಂಟ್ ಹೋಯಿತು ಅನ್ನುವ ಸೂಚನೆ ಒಂದು ಕ್ಷಣ ಮಿಂಚಿ ಹೋಗುತ್ತಿತ್ತು. ಮೂರನೆಯದು, ಮಳೆಯಲ್ಲಿ ಪರದೆ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿತ್ತು. ಯಾರೂ ಮುಟ್ಟದೆ ಮೆನು ತೆರೆದುಕೊಳ್ಳುವುದು, ನಕ್ಷೆ ದೊಡ್ಡದಾಗುವುದು, ಹೀಗೆ.

ಇನ್ನೊಂದು ವಿಷಯವನ್ನೂ ಅವರು ಬರೆದಿದ್ದರು. ಬೆಳಗ್ಗೆ ಹೊರಟಾಗ ಯಂತ್ರಕ್ಕೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗಲು ಹತ್ತು ಹದಿನೈದು ನಿಮಿಷ ಬೇಕಾಗುತ್ತಿತ್ತು. ಮೊದಲು ಅರ್ಧ ನಿಮಿಷ ಸಾಕಿತ್ತಂತೆ.

ಮೇಜಿನ ಮೇಲೆ ಒಂದು ದಿನ

ಜುಲೈನ ಒಂದು ಭಾನುವಾರ ಹಾಸನಕ್ಕೆ ಹೋದೆ. ಬೈಕ್ ಮುಟ್ಟಲಿಲ್ಲ. ಯಂತ್ರವನ್ನು ಹೋಲ್ಡರಿನಿಂದ ಕಳಚಿ ಊಟದ ಮೇಜಿನ ಮೇಲಿಟ್ಟು, ಫೋನಿನ ಚಾರ್ಜರ್ ಚುಚ್ಚಿ ಆನ್ ಮಾಡಿದೆ. ಮೂರು ಗಂಟೆ ಹೊತ್ತು ಒಂದು ಸಲವೂ ಆಫ್ ಆಗಲಿಲ್ಲ. ಚಾರ್ಜರ್ ಕಿತ್ತೆ. ಒಂದು ಕ್ಷಣದಲ್ಲೇ ಸತ್ತಿತು. ಹೊಸದರಲ್ಲಿ ಒಳಗಿನ ಬ್ಯಾಟರಿಯಲ್ಲೇ ಮೂರ್ನಾಲ್ಕು ಗಂಟೆ ನಡೆಯುತ್ತಿತ್ತು ಅಂತ ಭಾವ ಹೇಳಿದರು.

ಯಂತ್ರವನ್ನು ಮಗುಚಿ ಮೇಜಿನ ಮೇಲಿಟ್ಟಾಗ ಇನ್ನೊಂದು ಕಂಡಿತು. ಅದು ಸಮನಾಗಿ ಕೂರುತ್ತಿಲ್ಲ, ತೊಟ್ಟಿಲಿನ ಹಾಗೆ ಅಲ್ಲಾಡುತ್ತಿದೆ. ಹಿಂಬದಿಯ ಮುಚ್ಚಳ ಉಬ್ಬಿತ್ತು. ಸ್ಕ್ರೂ ಬಿಚ್ಚಿದರೆ ಒಳಗಿನ ಲಿಥಿಯಂ ಬ್ಯಾಟರಿ ಪೂರಿಯ ಹಾಗೆ ಊದಿಕೊಂಡಿತ್ತು. ಅಂಥ ಬ್ಯಾಟರಿಯನ್ನು ಅದುಮಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಹಾಕಲೇಬಾರದು, ಬೆಂಕಿ ಹತ್ತಬಹುದು. ಮೆಲ್ಲಗೆ ತೆಗೆದು, ಸ್ಟೀಲ್ ಡಬ್ಬಿಯಲ್ಲಿ ಮರಳು ಹಾಕಿ, ಅದರಲ್ಲಿಟ್ಟು ಅಂಗಳದ ಮೂಲೆಯಲ್ಲಿರಿಸಿದೆವು. ಆಮೇಲೆ ಬೆಂಗಳೂರಿಗೆ ತಂದು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟೆ.

ಮುಚ್ಚಳ ಉಬ್ಬಿದ್ದರಿಂದ ಅಂಚಿನ ರಬ್ಬರ್ ಬಿಗಿ ಕಳೆದುಕೊಂಡಿತ್ತು. ಪರದೆಯ ಒಳಗಡೆ ಒಂದು ಮೂಲೆಯಲ್ಲಿ ಮಂಜು ಕಟ್ಟಿತ್ತು. ಮಳೆಯಲ್ಲಿ ಪರದೆ ತಾನೇ ಒತ್ತಿಕೊಳ್ಳುವುದಕ್ಕೆ ಕಾರಣ ಸಿಕ್ಕಿತು. ಬೆಳಗ್ಗೆ ಹದಿನೈದು ನಿಮಿಷ ಹಿಡಿಯುವುದಕ್ಕೂ ಈ ಬ್ಯಾಟರಿಯೇ ಮೂಲ. ಪ್ರತಿ ಉಪಗ್ರಹವೂ ತಾನು ನಿಖರವಾಗಿ ಎಲ್ಲಿದ್ದೇನೆ ಅನ್ನುವುದನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ಆದರೆ ಎಲ್ಲ ಉಪಗ್ರಹಗಳ ಪಂಚಾಂಗ, ಅಂದರೆ ಯಾವುದು ಯಾವಾಗ ಸುಮಾರು ಎಲ್ಲಿರುತ್ತದೆ ಅನ್ನುವ ಪಟ್ಟಿ, ಪೂರ್ತಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು, ಯಾಕೆಂದರೆ ಆ ಮಾಹಿತಿ ಬರುವುದು ಸೆಕೆಂಡಿಗೆ ಬರೀ 50 ಬಿಟ್‌ನಂತೆ. ಬ್ಯಾಟರಿ ಚೆನ್ನಾಗಿದ್ದರೆ ಯಂತ್ರ ನಿನ್ನೆಯ ಪಂಚಾಂಗವನ್ನೂ ಗಡಿಯಾರವನ್ನೂ ನೆನಪಿಟ್ಟುಕೊಂಡಿರುತ್ತದೆ. ಇದರ ಬ್ಯಾಟರಿ ರಾತ್ರಿಯಲ್ಲೇ ಪೂರ್ತಿ ಬರಿದಾಗುತ್ತಿತ್ತು. ಬೆಳಗ್ಗೆ ಎದ್ದಾಗ ಅದಕ್ಕೆ ದಿನ ಯಾವುದು ಅಂತಲೂ ಗೊತ್ತಿರುತ್ತಿರಲಿಲ್ಲ, ಎಲ್ಲ ಮೊದಲಿಂದ.

ಇಲ್ಲಿಗೆ ಬಹಳ ಜನ ನಿಲ್ಲಿಸುತ್ತಾರೆ. ಬ್ಯಾಟರಿ ಹೋಗಿದೆ, ಯಂತ್ರ ಹಳೆಯದು, ಹೊಸದು ತಂದರಾಯಿತು. ಭಾವನೂ ಅದನ್ನೇ ಅಂದರು. ಆದರೆ ಚೀಟಿಯಲ್ಲಿದ್ದ ಎಡ ತಿರುವಿಗೆ ಇದರಲ್ಲಿ ಉತ್ತರ ಇಲ್ಲ. ಬ್ಯಾಟರಿಗೆ ಎಡ ಯಾವುದು, ಬಲ ಯಾವುದು? ಬೈಕಿನಿಂದ ಕರೆಂಟ್ ಸರಿಯಾಗಿ ಬರುತ್ತಿದ್ದರೆ ಒಳಗಿನ ಬ್ಯಾಟರಿ ಸತ್ತಿದ್ದರೂ ಯಂತ್ರ ಓಡುತ್ತಲೇ ಇರಬೇಕಿತ್ತು.

ಒಂದು ತಪ್ಪನ್ನು ಇನ್ನೊಂದು ಮುಚ್ಚಿಟ್ಟಿತ್ತು

ಬೈಕಿನ ಹೋಲ್ಡರ್‌ಗೆ ಬರುವ ವೈರಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ. 12.6 ವೋಲ್ಟ್. ಎಂಜಿನ್ ಶುರು ಮಾಡಿದರೆ 14. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೂ 14. "ನೋಡು, ಕರೆಂಟ್ ಸರಿ ಇದೆ" ಅಂದರು ಭಾವ.

ಮೀಟರ್ ಮೋಸ ಮಾಡುವುದು ಇಲ್ಲೇ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ವೈರಿನಲ್ಲಿ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಮೀಟರ್ 12.6 ತೋರಿಸುತ್ತದೆ. ನಲ್ಲಿಯ ಬಾಯಿಗೆ ಬೆರಳಿಟ್ಟರೆ ಒತ್ತಡ ಇದೆ ಅನ್ನಿಸುತ್ತದೆ, ಬಿಂದಿಗೆ ಹಿಡಿದರೆ ತಾನೇ ನೀರು ಸಣ್ಣಗೆ ಬರುವುದು ಗೊತ್ತಾಗುವುದು? ಹಾಗಾಗಿ ಹೊರೆ ಕೊಟ್ಟು ಅಳೆಯಬೇಕು. ಬೈಕಿನ 5 ವ್ಯಾಟ್ ಪಾರ್ಕಿಂಗ್ ಬಲ್ಬ್ ಒಂದನ್ನು ಹೋಲ್ಡರ್ ವೈರಿಗೆ ಕಟ್ಟಿದೆ. ಜಿಪಿಎಸ್ ಎಳೆಯುವ ಕರೆಂಟೂ ಹೆಚ್ಚು ಕಡಿಮೆ ಅಷ್ಟೇ. ಹ್ಯಾಂಡಲ್ ನೇರ ಇದ್ದಾಗ ಬಲ್ಬ್ ಚೆನ್ನಾಗಿ ಉರಿಯಿತು. ಬಲಕ್ಕೆ ತಿರುಗಿಸಿದೆ, ಉರಿಯಿತು. ಎಡಕ್ಕೆ ಮೆಲ್ಲಗೆ ತಿರುಗಿಸುತ್ತಾ ಹೋದೆ. ಮುಕ್ಕಾಲು ತಿರುಗಿದಾಗ ಬಲ್ಬ್ ಕೆಂಪಗಾಗಿ, ಮಿಣಕ್ ಮಿಣಕ್ ಅಂದು ಆರಿತು. ವಾಪಸ್ ತಂದರೆ ಮತ್ತೆ ಹತ್ತಿತು. ಭಾವ ಮಾತಾಡಲಿಲ್ಲ. ಅವರೇ ಬಂದು ಹ್ಯಾಂಡಲ್ ಹಿಡಿದು ನಾಲ್ಕೈದು ಸಲ ತಿರುಗಿಸಿ ನೋಡಿದರು.

ಟ್ಯಾಂಕ್ ಇಳಿಸಿ ವೈರ್ ಹಿಂಬಾಲಿಸಿದೆವು. ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ವೈರನ್ನು ಕೇಬಲ್ ಟೈ ಹಾಕಿ ಫ್ರೇಮಿಗೆ ಬಿಗಿದು ಕಟ್ಟಿದ್ದರು. ಹೊರಗಿನ ಕಪ್ಪು ಸಿಪ್ಪೆಗೆ ಏನೂ ಆಗಿರಲಿಲ್ಲ. ಆದರೆ ಬೆರಳಲ್ಲಿ ಸವರುತ್ತಾ ಹೋದರೆ ಟೈ ಪಕ್ಕದಲ್ಲೇ ಅರ್ಧ ಇಂಚು ಜಾಗ ಮೆತ್ತಗೆ, ಬೆಂದ ಶಾವಿಗೆಯ ಹಾಗೆ ಇತ್ತು. ಎರಡು ಕಡೆ ಹಿಡಿದು ಎಳೆದರೆ ಸಿಪ್ಪೆ ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರ ಇದ್ದಿದ್ದರೆ ಹಿಗ್ಗುತ್ತಿರಲಿಲ್ಲ. ಬ್ಲೇಡಿನಲ್ಲಿ ಸೀಳಿ ನೋಡಿದೆ. ಹೆಚ್ಚಿನ ಎಳೆಗಳು ತುಂಡಾಗಿ, ಮೂರೋ ನಾಲ್ಕೋ ಮಾತ್ರ ಅಂಟಿಕೊಂಡಿದ್ದವು. ಸುತ್ತ ಹಸಿರು ಕಿಲುಬು ಪುಡಿ. ಆರು ವರ್ಷ ಹ್ಯಾಂಡಲ್ ತಿರುಗಿದಾಗಲೆಲ್ಲ ವೈರ್ ಆ ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ ಒಂದೊಂದೇ ಎಳೆ ಹೋಗಿತ್ತು.

ಆಗ ಕಥೆ ಪೂರ್ತಿ ಬಿಡಿಸಿಕೊಂಡಿತು. ವೈರ್ ಹಾಳಾಗಿದ್ದು ಈ ಜೂನ್‌ನಲ್ಲಿ ಅಲ್ಲ, ಎಷ್ಟೋ ಹಿಂದೆ. ಪ್ರತಿ ಎಡ ತಿರುವಿನಲ್ಲಿ ಒಂದೆರಡು ಸೆಕೆಂಡ್ ಕರೆಂಟ್ ಹೋಗುತ್ತಲೇ ಇತ್ತು. ಆ ಒಂದೆರಡು ಸೆಕೆಂಡನ್ನು ಒಳಗಿನ ಬ್ಯಾಟರಿ ಸದ್ದಿಲ್ಲದೆ ದಾಟಿಸುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಬ್ಯಾಟರಿಗೆ ವಯಸ್ಸಾಗಿ ಕೈಬಿಟ್ಟ ದಿನ ವೈರಿನ ತಪ್ಪು ಹೊರಬಿತ್ತು. ಒಂದು ಕೊರತೆಯನ್ನು ಇನ್ನೊಂದು ವರ್ಷಗಟ್ಟಲೆ ಮುಚ್ಚಿಟ್ಟಿತ್ತು.

ಇದರ ಅರ್ಥ ಏನು ನೋಡಿ. ಸುಮ್ನೆ ಹೊಸ ಯಂತ್ರ ತಂದು ಹಳೆ ವೈರಿಗೆ ಸಿಕ್ಕಿಸಿದ್ದರೆ ಎಲ್ಲ ಸರಿ ಹೋದಂತೆ ಕಾಣುತ್ತಿತ್ತು. ಹೊಸ ಬ್ಯಾಟರಿ ಮತ್ತೆ ಆ ತಪ್ಪನ್ನು ಮುಚ್ಚುತ್ತಿತ್ತು. ಇನ್ನೆರಡು ಮೂರು ವರ್ಷಕ್ಕೆ ಮತ್ತೊಂದು ಘಾಟಿನಲ್ಲಿ, ಮತ್ತೊಂದು ಎಡ ತಿರುವಿನಲ್ಲಿ ಪರದೆ ಕಪ್ಪಾಗುತ್ತಿತ್ತು.

ಇನ್ನೂ ಎರಡು ಕಡೆ ಕೆಲಸ ಕೆಟ್ಟಿತ್ತು. ಅರ್ಥ್ ವೈರನ್ನು ಪೇಂಟ್ ಕೆರೆಯದೆ ಫ್ರೇಮಿನ ಬೋಲ್ಟಿಗೆ ಸಿಕ್ಕಿಸಿದ್ದರು. ಪಾಸಿಟಿವ್ ವೈರನ್ನು ಹಿಂದಿನ ಲೈಟಿನ ವೈರಿಗೆ ಕಚ್ಚುವ ಕ್ಲಿಪ್ ಹಾಕಿ ಕದ್ದಿದ್ದರು. ಆ ಕ್ಲಿಪ್ ವೈರಿನ ಸಿಪ್ಪೆಯನ್ನು ಸೀಳಿ ಒಳಗಿನ ತಾಮ್ರವನ್ನು ಮುಟ್ಟುತ್ತದೆ. ಬೇಗ ಆಗುವ ಕೆಲಸ, ಆದರೆ ಸೀಳಿದ ಜಾಗದಿಂದ ಮಳೆನೀರು ಒಳಗೆ ಇಳಿಯುತ್ತದೆ. ಮಲೆನಾಡಿನ ಮಳೆಗೆ ಅದು ಆಗಿಬರುವ ಜೋಡಣೆ ಅಲ್ಲ.

ಹಳೆಯದನ್ನೇ ರಿಪೇರಿ ಮಾಡಬಹುದಿತ್ತಾ?

ನಾನು ಮೊದಲು ರಿಪೇರಿಯ ಪರ ಇದ್ದೆ. ಬ್ಯಾಟರಿ ಒಂದು ಹಾಕಿದರೆ ಒಂಬತ್ತು ವರ್ಷದ ಯಂತ್ರ ಇನ್ನೂ ನಾಲ್ಕು ವರ್ಷ ನಡೆದೀತು ಅಂತ. ಆದರೆ ಕಂಪನಿಯ ಬ್ಯಾಟರಿ ಸಿಗಲಿಲ್ಲ. ಸಿಕ್ಕಿದ್ದು ಹೆಸರಿಲ್ಲದ್ದು. ಮೇಲೆ, ಉಬ್ಬಿದ ಮುಚ್ಚಳ ಮತ್ತೆ ನೀರು ಬಿಡದ ಹಾಗೆ ಕೂರುತ್ತದೆ ಅಂತ ನಂಬುವ ಹಾಗಿರಲಿಲ್ಲ.

ನಕ್ಷೆಯೂ ಹಳೆಯದು. ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಭಾವನ ಯಂತ್ರಕ್ಕೆ ಆ ಎಕ್ಸ್‌ಪ್ರೆಸ್‌ವೇಯೇ ಗೊತ್ತಿರಲಿಲ್ಲ. ಬೈಕು ಹೊಲದ ಮಧ್ಯೆ ಹೋಗುತ್ತಿದೆ ಅಂತ ತೋರಿಸುತ್ತಿತ್ತು. ಹೊಸ ನಕ್ಷೆ ಹಾಕೋಣ ಅಂದರೆ ಒಳಗೆ ಜಾಗ ಸಾಲದು.

ಹಾಗಾದರೆ ಫೋನ್? ಊರೊಳಗೆ ಓಡಾಡುವವರಿಗೆ, ಹೆದ್ದಾರಿ ಬಿಟ್ಟು ಇಳಿಯದವರಿಗೆ ಫೋನೇ ಸಾಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಭಾವ ಹೋಗುವ ದಾರಿ ಬೇರೆ. ಒಂಟಿ ಸಿಲಿಂಡರ್ ಎಂಜಿನ್ ಹ್ಯಾಂಡಲ್ ಮೇಲೆ ಕೊಡುವ ನಡುಕ ಫೋನಿನ ಕ್ಯಾಮೆರಾಕ್ಕೆ ಒಳ್ಳೆಯದಲ್ಲ. ಜೋರಾದ ಎಂಜಿನ್ ಇರುವ ಬೈಕಿಗೆ ಐಫೋನನ್ನು ನೇರ ಸಿಕ್ಕಿಸಬೇಡಿ, ಕ್ಯಾಮೆರಾದ ಒಳಗಿನ ಭಾಗಗಳಿಗೆ ಪೆಟ್ಟು ಬೀಳಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ತಿಳಿಸಿತ್ತು. ಮಳೆಯಲ್ಲಿ ಒದ್ದೆ ಗ್ಲೌಸಿಗೆ ಫೋನಿನ ಪರದೆ ಮಾತು ಕೇಳುವುದಿಲ್ಲ. ಬಿಸಿಲಲ್ಲಿ ಕಾದು ಮಂಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಘಾಟಿನಲ್ಲಿ ಬಿದ್ದರೆ ಕರೆ ಮಾಡಲು ಇರುವುದು ಅದೊಂದೇ ಫೋನ್. ಅದು ಜೇಬಿನಲ್ಲಿ, ಚಾರ್ಜ್ ತುಂಬಿಕೊಂಡು, ಒಣಗಿರಬೇಕು. ಅಕ್ಕನಿಗೆ ಈ ಕೊನೆಯ ಮಾತು ಒಪ್ಪಿಗೆಯಾಯಿತು.

"ನೆಟ್‌ವರ್ಕ್ ಇಲ್ಲದ ಕಡೆ ಅದು ಹೇಗೆ ನಡೆಯುತ್ತೆ?" ಅಂತಲೂ ಕೇಳಿದಳು. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಮಾತನ್ನು ಅದು ಕೇಳಿಸಿಕೊಳ್ಳುತ್ತದೆ, ತಾನು ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಕೇಳಿಸಿದರೆ ಜಾಗ, ಎತ್ತರ, ಸಮಯ ಮೂರೂ ಸಿಗುತ್ತವೆ. ನಕ್ಷೆ ಯಂತ್ರದೊಳಗೇ ಇರುತ್ತದೆ. ಅಕ್ಕನಿಗೆ ಹೇಳುವಾಗ ಭಾವ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ಕಡೆ ಕೈ ತೋರಿಸಿದರು. 1982ರಿಂದ ನಮ್ಮ ದೇಶದ ಹಲವು ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಿದ್ದಾರೆ. ನಮ್ಮದೇ ದಿಕ್ಸೂಚಿ ವ್ಯವಸ್ಥೆ ನಾವಿಕ್‌ನ ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿ. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಬೈಕ್ ಜಿಪಿಎಸ್‌ಗಳು ಕೇಳುವುದು ಎಲ್1 ಅನ್ನುವ ತರಂಗವನ್ನು. ನಾವಿಕ್ ಉಪಗ್ರಹಗಳಲ್ಲಿ ಎಲ್1 ಬಂದದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ನಾವು ತರಿಸಿದ ಯಂತ್ರಕ್ಕೆ ಅಮೆರಿಕದ ಜಿಪಿಎಸ್, ಯುರೋಪಿನ ಗೆಲಿಲಿಯೋ ಕೇಳಿಸುತ್ತದೆ, ನಾವಿಕ್ ಇಲ್ಲ. ಹಾಸನದಲ್ಲಿ ನಿಂತು ಇದನ್ನು ಬರೆಯುವಾಗ ನನಗೆ ಸ್ವಲ್ಪ ಬೇಜಾರೇ ಆಗುತ್ತದೆ. ಬೈಕಿನ ಮೇಲೂ ನಾವಿಕ್ ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಕೊನೆಗೆ ಆರಿಸಿದ್ದು 5.5 ಇಂಚಿನ ಪರದೆಯ, ಬೈಕಿಗೆಂದೇ ಮಾಡಿದ ಹೊಸ ಯಂತ್ರ. ದೊಡ್ಡ ಪರದೆ ಷೋಕಿಗಲ್ಲ. ಭಾವನಿಗೆ ಚಾಳೀಸು ಬಂದಿದೆ. ಹೆಲ್ಮೆಟ್ ಒಳಗೆ ಓದುವ ಕನ್ನಡಕ ಹಾಕಿಕೊಳ್ಳಲು ಆಗಲ್ಲ, ಹಾಕಿಕೊಂಡರೆ ರಸ್ತೆ ಮಬ್ಬು. ಹಳೆಯ ಪರದೆಯ ಸಣ್ಣ ಅಕ್ಷರ ಓದಲು ಅವರು ಬಗ್ಗಿ ನೋಡುತ್ತಿದ್ದರು ಅನ್ನುವುದು ನನಗೆ ಹೊಳೆದದ್ದೇ ಈಗ. ನೀರಿಗೆ ಐಪಿಎಕ್ಸ್7, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು.

ಹೊರದೇಶದಿಂದ ತರಿಸುವವರಿಗೆ ಒಂದು ಎಚ್ಚರಿಕೆ. ಸುಮ್ಮನೆ ಕೇಳಿಸಿಕೊಳ್ಳುವ ಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಬೇರೆ. ಎರಡನೆಯದನ್ನು ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಎರಡೂ ಸೇರಿರುವ ಯಂತ್ರಗಳೂ ಬರುತ್ತವೆ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿಕೊಳ್ಳಿ.

ವೈರಿನ ಕೆಲಸ

ಇದನ್ನು ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಕೂತು ಮಾಡಿದೆವು. ಸಾಮಾನು ನಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದೆ: ನೀರು ಬಿಡದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಒಂದು, ಫ್ಯೂಸ್ ಹೋಲ್ಡರ್, ಒಂದು ಚದರ ಮಿಲಿಮೀಟರಿನ ಒಳ್ಳೆ ತಾಮ್ರದ ವೈರ್, ವೈರಿನ ತುದಿಗೆ ಹಾಕುವ ಲಗ್ಗುಗಳು, ಬಿಸಿ ತಾಗಿದರೆ ಮುದುಡುವ ಹೀಟ್ ಶ್ರಿಂಕ್ ಸ್ಲೀವ್. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ.

ಕರೆಂಟ್ ನೇರ ಬೈಕಿನ ಬ್ಯಾಟರಿಯಿಂದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಯಂತ್ರದ ಹತ್ತಿರ ಫ್ಯೂಸ್ ಇಟ್ಟರೆ ನಡುವೆ ವೈರ್ ತಾಗಿ ಶಾರ್ಟ್ ಆದಾಗ ಕಾಪಾಡುವವರಿಲ್ಲ. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್, 87ರಿಂದ ಜಿಪಿಎಸ್ ಹೋಲ್ಡರ್‌ಗೆ, 85 ಅರ್ಥ್‌ಗೆ, 86 ಪಾರ್ಕಿಂಗ್ ಲೈಟ್ ವೈರಿಗೆ. ಹೀಗಾಗಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ಕೀ ತೆಗೆದರೆ ಬೈಕಿನ ಬ್ಯಾಟರಿ ರಾತ್ರಿಯೆಲ್ಲ ಸೋರುವುದಿಲ್ಲ. ಪಾರ್ಕಿಂಗ್ ಲೈಟ್ ವೈರಿನಿಂದ ತೆಗೆಯುವುದು ರಿಲೇಯನ್ನು ಎಬ್ಬಿಸಲು ಬೇಕಾದಷ್ಟೇ, ಜಿಪಿಎಸ್‌ನ ಹೊರೆ ಅದರ ಮೇಲಿಲ್ಲ. ಅರ್ಥ್ ಕೂಡ ಬ್ಯಾಟರಿಯ ನೆಗೆಟಿವ್‌ಗೇ.

ಎಲೆಕ್ಟ್ರಿಷಿಯನ್ ಅಣ್ಣನಿಗೂ ನನಗೂ ಒಂದು ವಿಷಯದಲ್ಲಿ ವಾದ ಆಯಿತು. ನಾನು ಜೋಡಣೆಗೆಲ್ಲ ಬೆಸುಗೆ ಹಾಕೋಣ ಅಂದೆ. ಅವರು "ಬೇಡ ಸಾರ್, ಬೈಕಿಗೆ ಕ್ರಿಂಪೇ ಇರಲಿ" ಅಂದರು. ಕ್ರಿಂಪ್ ಅಂದರೆ ಲಗ್ಗನ್ನು ವೈರಿನ ಮೇಲೆ ಇಕ್ಕಳದಲ್ಲಿ ಅದುಮಿ ಕೂರಿಸುವುದು. ಬೆಸುಗೆಯ ಸೀಸ ವೈರಿನ ಎಳೆಗಳೊಳಗೆ ಹರಿದು ಆ ಜಾಗವನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ನಡುಕಕ್ಕೆ ಆ ಗಟ್ಟಿ ಜಾಗದ ಅಂಚಿನಲ್ಲೇ ಎಳೆ ಮುರಿಯುತ್ತದೆ. ಆಗ ತಾನೇ ಸೀಳಿ ನೋಡಿದ ವೈರ್ ಇನ್ನೂ ಮುಂದೆಯೇ ಬಿದ್ದಿತ್ತು, ನಾನು ಮರುಮಾತಾಡಲಿಲ್ಲ. ಒಳ್ಳೆ ಕ್ರಿಂಪ್, ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್. ಲೈಟರ್ ಹಿಡಿದಾಗ ಸ್ಲೀವ್ ಮುದುಡಿ, ಅಂಚಿನಲ್ಲಿ ಅಂಟು ಸಣ್ಣ ಮಣಿಯ ಹಾಗೆ ಹೊರಗೆ ಇಣುಕಬೇಕು. ಹಾಗೆ ಬಂದರೆ ನೀರು ಒಳಗೆ ಹೋಗಲ್ಲ ಅಂತ ಅರ್ಥ.

ಹ್ಯಾಂಡಲ್ ಕತ್ತಿನ ಹತ್ತಿರ ಜಾಸ್ತಿ ಹೊತ್ತು ಕಳೆದೆವು. ಅಲ್ಲಿ ಟೈ ಹಾಕಲಿಲ್ಲ. ಕತ್ತಿಗೆ ಒಂದು ಗೇಣು ಮುಂಚೆ ಒಂದು, ಒಂದು ಗೇಣು ಆಮೇಲೆ ಒಂದು ಸಡಿಲವಾದ ಟೈ. ನಡುವೆ ವೈರ್ ದೊಡ್ಡ ಬಳ್ಳಿಯಂತೆ ಬಾಗಿ ನಿಂತಿತು. ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಎಲ್ಲೂ ಬಿಗಿಯಬಾರದು, ಒಂದೇ ಜಾಗದಲ್ಲಿ ಮಡಚಲೂಬಾರದು. ಹೋಲ್ಡರ್‌ಗೆ ಸೇರುವ ಮುಂಚೆ ವೈರನ್ನು ಸ್ವಲ್ಪ ಕೆಳಗೆ ಇಳಿಸಿ ಮತ್ತೆ ಮೇಲೆ ಏರಿಸಿದೆವು. ಮಳೆನೀರು ವೈರ್ ಹಿಡಿದು ಹರಿದು ಬಂದರೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿನವರೆಗೆ ಏರುವುದಿಲ್ಲ.

ಯಂತ್ರ ಕೂರಿಸುವ ಎತ್ತರವನ್ನು ಭಾವನನ್ನು ಬೈಕಿನ ಮೇಲೆ ಕೂರಿಸಿ, ಹೆಲ್ಮೆಟ್ ಹಾಕಿಸಿಯೇ ನಿರ್ಧರಿಸಿದೆವು. ಮೊದಲು ಅದು ಹ್ಯಾಂಡಲಿನ ನಡುವೆ, ಟ್ಯಾಂಕಿನ ಹತ್ತಿರ ಇತ್ತು, ನೋಡಲು ತಲೆಯನ್ನೇ ಬಗ್ಗಿಸಬೇಕಿತ್ತು. ಈಗ ವಿಂಡ್‌ಸ್ಕ್ರೀನಿನ ಹಿಂದೆ, ಮೀಟರಿನ ಮೇಲ್ಗಡೆ. ತಲೆ ಎತ್ತಿಕೊಂಡೇ ಕಣ್ಣು ಮಾತ್ರ ಇಳಿಸಿದರೆ ಸಾಕು. ಇಂಡಿಕೇಟರ್ ದೀಪ, ಪೆಟ್ರೋಲ್ ಮುಳ್ಳು ಮುಚ್ಚಿಹೋಗಬಾರದು ಅಂತ ಅರ್ಧ ಇಂಚು ಅರ್ಧ ಇಂಚು ಸರಿಸಿ ನೋಡಿದೆವು.

ಹೊಸದೂ ಕೈಕೊಟ್ಟಿತು

ಸೆಪ್ಟೆಂಬರಿನಲ್ಲಿ ಮೊದಲ ಸುತ್ತು. ಹಾಸನದಿಂದ ಬೇಲೂರು, ವಾಪಸ್. ಕರೆಂಟ್ ಒಂದು ಸಲವೂ ಹೋಗಲಿಲ್ಲ. ಆದರೆ ಹೋಗುತ್ತಾ ಹೋಗುತ್ತಾ ಬಾಣದ ಗುರುತು ರಸ್ತೆ ಬಿಟ್ಟು ಪಕ್ಕದ ಹೊಲಕ್ಕೆ ಜಿಗಿಯುತ್ತಿತ್ತು. ಭಾವನ ಮುಖ ಸಪ್ಪಗಾಯಿತು. ಅಷ್ಟು ದುಡ್ಡು ಕೊಟ್ಟು ತಂದ ಯಂತ್ರ. ನಿಜ ಹೇಳಬೇಕೆಂದರೆ ನನಗೂ ಹೊಟ್ಟೆಯಲ್ಲಿ ಒಂದು ತರಹ ಆಯಿತು.

ಮನೆ ಅಂಗಳದಲ್ಲಿ, ತೆರೆದ ಆಕಾಶದ ಕೆಳಗೆ ಬೈಕ್ ನಿಲ್ಲಿಸಿ ಉಪಗ್ರಹಗಳ ಪುಟ ತೆರೆದೆವು. ಎಂಜಿನ್ ಆಫ್, ಕೀ ಆನ್. ಒಂದೊಂದು ಉಪಗ್ರಹದ ಸಿಗ್ನಲ್ ತೋರಿಸುವ ಕಂಬಗಳೆಲ್ಲ ಎತ್ತರಕ್ಕಿದ್ದವು, ನಿಖರತೆ 4 ಮೀಟರ್. ಎಂಜಿನ್ ಶುರು ಮಾಡಿದೆವು, 4 ಮೀಟರ್. ಎಲ್ಇಡಿ ಫಾಗ್ ಲೈಟ್ ಹಾಕಿದೆವು, 5. ಕೊನೆಗೆ ಹ್ಯಾಂಡಲ್ ಮೇಲಿದ್ದ ಯುಎಸ್‌ಬಿ ಚಾರ್ಜರಿಗೆ ಭಾವನ ಫೋನ್ ಚುಚ್ಚಿದೆ. ಕಂಬಗಳು ಒಂದೊಂದಾಗಿ ಕುಗ್ಗಿದವು. 12 ಮೀಟರ್, 20, 35. ಫೋನ್ ಕಿತ್ತೆ. ಅರ್ಧ ನಿಮಿಷದಲ್ಲಿ ಮತ್ತೆ 4.

ತಪ್ಪು ಆ ಅಗ್ಗದ ಚಾರ್ಜರಿನದ್ದು. ಅದು 12 ವೋಲ್ಟನ್ನು 5ಕ್ಕೆ ಇಳಿಸುವುದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಮಾಡುವ ಮೂಲಕ. ಒಳಗೆ ಸರಿಯಾದ ತಡೆ ಇಲ್ಲದಿದ್ದರೆ ಅದರ ಗದ್ದಲ ರೇಡಿಯೋ ತರಂಗವಾಗಿ ಸುತ್ತ ಹರಡುತ್ತದೆ. ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬರುವ ಉಪಗ್ರಹದ ದನಿ ನೆಲ ಮುಟ್ಟುವಾಗ ಪಿಸುಮಾತಿಗಿಂತ ಸಣ್ಣದು. ಕಿವಿಯ ಪಕ್ಕ ಹಿಟ್ಟಿನ ಗಿರಣಿ ಓಡುತ್ತಿದ್ದರೆ ಪಿಸುಮಾತು ಕೇಳಿಸುತ್ತಾ? ಹಳೆಯ ಯಂತ್ರವೂ ಈ ಗದ್ದಲ ಸಹಿಸಿಕೊಂಡೇ ಇತ್ತೇನೋ, ಆದರೆ ಅದು ಚಾರ್ಜರಿನಿಂದ ಎರಡು ಗೇಣು ದೂರ ಇತ್ತು. ಈಗ ಮೇಲೆ ಏರಿಸಿ ಪಕ್ಕಕ್ಕೇ ತಂದಿದ್ದೆವು. ಒಳ್ಳೆ ಚಾರ್ಜರ್ ತಂದು, ಅದನ್ನು ಹಿಂದೆ ಸೀಟಿನ ಕಡೆಗೆ ಸರಿಸಿದ ಮೇಲೆ ಫೋನ್ ಚುಚ್ಚಿದ್ದರೂ ನಿಖರತೆ 4-5 ಮೀಟರಿನಲ್ಲೇ ನಿಂತಿತು.

ನಕ್ಷೆಯ ಬಗ್ಗೆ ಎರಡು ಮಾತು

ಕಂಪನಿಯ ನಕ್ಷೆಯ ಜೊತೆಗೆ, ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನೂ ಹಾಕಿದೆವು. ತೋಟದ ದಾರಿಗಳು ಅದರಲ್ಲೇ ಚೆನ್ನಾಗಿವೆ. ಹತ್ತಿರದ ದಾರಿ ಅನ್ನುವ ಆಯ್ಕೆ ತೆಗೆದು ಬೇಗದ ದಾರಿ ಅಂತ ಇಟ್ಟೆವು. ಹತ್ತಿರದ ದಾರಿ ಅಂದರೆ ಅದು ಕಾಫಿ ತೋಟದ ಗೇಟಿನ ಮುಂದೆ ತಂದು ನಿಲ್ಲಿಸುತ್ತದೆ.

ಊರಿನ ಹೆಸರು ಹುಡುಕುವುದು ಇವತ್ತಿಗೂ ಕಷ್ಟ. ಯಂತ್ರದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿವೆ, ಬಿಸಿಲೆಯನ್ನೇ ಎರಡು ಮೂರು ತರಹ ಬರೆಯುತ್ತಾರೆ. ಹಾಗಾಗಿ ಅಕ್ಷಾಂಶ ರೇಖಾಂಶ ಕೊಟ್ಟು ಗುರುತು ಹಾಕಿಕೊಂಡೆವು. ಇಲ್ಲಿ ಒಂದು ತಪ್ಪು ಆಗೇ ಆಗುತ್ತದೆ. 12.50 ಡಿಗ್ರಿ ಅಂದರೆ 12 ಡಿಗ್ರಿ 30 ನಿಮಿಷ. ಅದನ್ನು 12 ಡಿಗ್ರಿ 50 ನಿಮಿಷ ಅಂತ ತುಂಬಿದರೆ 20 ನಿಮಿಷ ಹೆಚ್ಚಾಯಿತು. ಅಕ್ಷಾಂಶದ ಒಂದು ನಿಮಿಷಕ್ಕೆ ಸುಮಾರು 1.85 ಕಿಲೋಮೀಟರ್, ಒಟ್ಟು 37 ಕಿಲೋಮೀಟರ್ ಆಚೆಗೆ ಹೋಗಿ ನಿಲ್ಲುತ್ತೀರಿ. ಭಾವನ ಪಟ್ಟಿಯಲ್ಲಿ ಇಂಥವು ಎರಡು ಸಿಕ್ಕವು.

ಯಂತ್ರಕ್ಕೆ ಗೊತ್ತಿಲ್ಲದ್ದೂ ಇರುತ್ತದೆ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ನಮ್ಮ ಹೊಸ ಯಂತ್ರ ರಾತ್ರಿ ಹತ್ತಕ್ಕೂ ಅದೇ ದಾರಿ ತೋರಿಸಿತು. ಇಂಥದ್ದನ್ನು ಭಾವ ಒಂದು ಚೀಟಿಯಲ್ಲಿ ಬರೆದು ಟ್ಯಾಂಕ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ.

ಮತ್ತೆ ಬಿಸಿಲೆ

ಅಕ್ಟೋಬರ್ ಎರಡನೇ ವಾರ ಅದೇ ದಾರಿಯಲ್ಲಿ ಹೋದೆವು. ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ಈ ಸಲವೂ ನಾನು ಹಿಂದೆ. ಅದೇ ಎಡ ತಿರುವು ಬಂದಾಗ ನನ್ನ ಕಣ್ಣು ಭಾವನ ಎಡಗೈ ಮೇಲಿತ್ತು. ಕೈ ಹ್ಯಾಂಡಲ್ ಮೇಲೇ ಇತ್ತು. ಹೆಲ್ಮೆಟ್ ನೇರ ಮುಂದಕ್ಕೆ. ತಿರುವು ಮುಗಿದು ದಾರಿ ಎರಡಾಗುವ ಮುಂಚೆಯೇ ಅವರ ಇಂಡಿಕೇಟರ್ ಹತ್ತಿತು.

ಕುಕ್ಕೆ ತಲುಪಿ ಕಾಫಿ ಕುಡಿಯುವಾಗ ಹೋಲ್ಡರ್ ಕಳಚಿ ಪಿನ್ನುಗಳನ್ನು ನೋಡಿದೆವು. ನಾಲ್ಕೂ ಸ್ಪ್ರಿಂಗ್ ಪಿನ್ ಒಣಗಿದ್ದವು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಪುಟಿದು ಬರುತ್ತಿದ್ದವು. ಒಂದರ ಪಕ್ಕ ಸ್ವಲ್ಪ ಕೆಂಪು ಮಣ್ಣು ಕೂತಿತ್ತು. ಭಾವ ಟ್ಯಾಂಕ್ ಬ್ಯಾಗಿನಿಂದ ಹಳೆ ಟೂತ್‌ಬ್ರಷ್ ತೆಗೆದು ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದರು. "ದೀಪಾವಳಿ ಆದ್ಮೇಲೆ ಆಗುಂಬೆ ಕಡೆ ಹೋಗೋಣ. ನಿಮ್ಮಕ್ಕನೂ ಬರ್ತಾಳಂತೆ" ಅಂದರು.